ಸೀಗಡಿಗಳ ಮರಣಪತ್ರ

ಸಮುದ್ರದಂಡೆಯ ಆ ಕಾರ್ಖಾನೆಯ ಒಡತಿಯನ್ನು ಎಲ್ಲರೂ ಐಸಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವಳ ಸ್ವಂತ ಅಕ್ಕನ ಬಾಯಲ್ಲಿ ಮಾತ್ರ ಉಳಿದಿತ್ತು. ಸೀಗಡಿಯ ತಲೆ ತೆಗೆದು, ಸಿಪ್ಪೆ ಸುಲಿದು, ಮೈನಸ್ ನಲವತ್ತರ ಚಳಿಯಲ್ಲಿ ಕಲ್ಲಾಗಿಸಿ ಪೆಟ್ಟಿಗೆಗೆ ತುಂಬುವುದು ಅವಳ ಕಸುಬು. ಹನ್ನೆರಡು ವರ್ಷ ಊರಿನ ಹೋಟೆಲುಗಳಿಗೆ ಕೊಟ್ಟ ಮೇಲೆ, ಮೊದಲ ಸಲ ವಿದೇಶದ ಗಿರಾಕಿಯೊಬ್ಬ ಸಿಕ್ಕಿದ್ದ. ವಿಮಾನದಲ್ಲಿ ನಲವತ್ತು ಪೆಟ್ಟಿಗೆ ಕಳಿಸಬೇಕು. ಕೆಡದೆ ತಲುಪಿದರೆ ಆಮೇಲೆ ವಾರವಾರವೂ.

ಕಾಗದಪತ್ರದ ಕೆಲಸವನ್ನು ಅಕ್ಕನ ಗಂಡನಿಗೆ ವಹಿಸಿದ್ದಳು. ಭಾವ ನಿವೃತ್ತ ಹೆಡ್‌ಮಾಸ್ಟರು. ನಿವೃತ್ತರಾದ ಮೂರೇ ತಿಂಗಳಿಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಉಪ್ಪು ಇರಬೇಕಾದ ಕಡೆ ಉದ್ದಿನಬೇಳೆಯನ್ನು ತಂದಿಟ್ಟಿದ್ದರು. "ಇವರನ್ನ ದಿನಕ್ಕೆ ನಾಲ್ಕು ಗಂಟೆ ಎಲ್ಲಾದ್ರೂ ಕೂರಿಸ್ಕೊಳ್ಳೇ, ಪುಣ್ಯ ಬರುತ್ತೆ ನಿನಗೆ" ಎಂದು ಅಕ್ಕ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು. ಐಸಕ್ಕ ಒಂದು ಮೇಜು, ಒಂದು ಫ್ಯಾನು ಕೊಟ್ಟಳು. ಭಾವ ಮನೆಯಿಂದ ತಮ್ಮದೇ ಮಸಿಪೆನ್ನು ತಂದರು.

ಮಾಲು ಕಳಿಸಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಿಮಾನ ಕಂಪನಿಯಿಂದ ಫೋನು ಬಂತು.

"ಮೇಡಂ, ನಿಮ್ಮ ಪ್ರಾಣಿಗಳಿಗೆ ನೀರು ಯಾವಾಗ ಕೊಡಬೇಕು?"

"ಯಾವ ಪ್ರಾಣಿ?"

"ಜೀವಂತ ಸೀಗಡಿ, ನಲವತ್ತು ಪೆಟ್ಟಿಗೆ. ಪ್ರಾಣಿಗಳ ಕೋಣೇಲಿ ಇಟ್ಟಿದ್ದೀವಿ. ಇಪ್ಪತ್ನಾಲ್ಕು ಡಿಗ್ರಿ, ಹಿತವಾಗಿದೆ."

ಐಸಕ್ಕ ಫೋನಿಟ್ಟಳು. ಭಾವನ ಮೇಜಿನ ಮೇಲಿದ್ದ, ವಿಮಾನ ಕಂಪನಿಗೆ ಕೊಟ್ಟ ನಮೂನೆಯ ನಕಲು ಪ್ರತಿಯನ್ನು ಕಿತ್ತುಕೊಂಡು ನೋಡಿದಳು. ಜೀವಂತ, ತಂಪಾಗಿಸಿದ್ದು, ಹೆಪ್ಪುಗಟ್ಟಿಸಿದ್ದು ಎಂಬ ಮೂರು ಚೌಕಗಳಲ್ಲಿ ಮೊದಲನೆಯದಕ್ಕೆ ಮುತ್ತಿನಂಥ ಸರಿಗುರುತು ಬಿದ್ದಿತ್ತು.

"ಭಾವ, ಇದೇನಿದು?"

"ಅಲ್ಲಮ್ಮಾ, ಹೆಪ್ಪುಗಟ್ಟಿಸಿದ್ದು ಅಂದ್ರೆ ಹಳೇ ಮಾಲು ಅಂದ್ಕೊಳ್ಳಲ್ವಾ ಅವರು? ಮೊದಲ್ನೇ ಗಿರಾಕಿ. ಸ್ವಲ್ಪ ಗೌರವವಾಗಿ ಇರ್ಲಿ ಅಂತ..."

ಬೈಯಲು ಪುರುಸೊತ್ತಿರಲಿಲ್ಲ. ಭಾವನನ್ನು ವ್ಯಾನಿಗೆ ಹತ್ತಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೊರಟಳು. ಮಧ್ಯಾಹ್ನ ಎರಡಕ್ಕೆ ಮಾಲು ಸ್ವೀಕರಿಸುವ ಕಿಟಕಿ ಮುಚ್ಚುತ್ತದೆ, ನಾಲ್ಕಕ್ಕೆ ವಿಮಾನ. ಪೆಟ್ಟಿಗೆಯೊಳಗಿನ ಡ್ರೈ ಐಸ್ ತಣ್ಣನೆಯ ಉಗ್ರಾಣದಲ್ಲಾದರೆ ಎರಡು ದಿನ ತಾಳುತ್ತಿತ್ತು. ಆ ಹಿತವಾದ ಕೋಣೆಯಲ್ಲಿ ಎಷ್ಟು ಹೊತ್ತೋ.

ಪ್ರಾಣಿಗಳ ಕೋಣೆಯಲ್ಲಿ ಬೆಚ್ಚನೆಯ ಗಾಳಿ, ಹುಲ್ಲಿನ ವಾಸನೆ. ಮೂಲೆಯ ಪಂಜರದಲ್ಲಿ ಕರುವಿನಷ್ಟು ದೊಡ್ಡ ನಾಯಿಯೊಂದು ಪೆಟ್ಟಿಗೆಗಳತ್ತ ಮೂಗು ಚಾಚಿ ಜೊಲ್ಲು ಸುರಿಸುತ್ತಿತ್ತು. ಕೋಣೆ ನೋಡಿಕೊಳ್ಳುವ ಮುದುಕ ಸ್ಕ್ರೂಡ್ರೈವರ್ ಹಿಡಿದು ಎರಡನೇ ಪೆಟ್ಟಿಗೆಗೆ ತೂತು ಕೊರೆಯುತ್ತಿದ್ದ.

"ಅಯ್ಯೋ, ಏನ್ ಮಾಡ್ತಿದೀರಿ!"

"ಒಂದು ತೂತೂ ಇಲ್ದೆ ಪ್ಯಾಕ್ ಮಾಡಿದೀರಲ್ಲಮ್ಮಾ, ಕರುಣೆ ಬೇಡ್ವಾ? ಉಸಿರು ಕಟ್ಟಿ ಒದ್ದಾಡ್ತಿವೆ ಪಾಪ. ನೋಡಿ, ನೋಡಿ!" ತೂತಿನಿಂದ ಡ್ರೈ ಐಸಿನ ಬಿಳಿ ಹೊಗೆ ಮೆಲ್ಲಗೆ ಹೊರಬರುತ್ತಿತ್ತು. "ಹೇಗೆ ಉಸಿರಾಡ್ತಿವೆ!"

ಅಷ್ಟರಲ್ಲಿ ನಿಲ್ದಾಣದ ಪಶುವೈದ್ಯರು ಬಂದರು. ವರ್ಗವಾಗಿ ಬಂದು ಹದಿನೈದು ದಿನವಾಗಿತ್ತು. ಕಂಕುಳಲ್ಲಿ ನಿಯಮಾವಳಿಯ ದಪ್ಪ ಪುಸ್ತಕ. ಐಸಕ್ಕ ಒಂದು ಪೆಟ್ಟಿಗೆ ಬಿಚ್ಚಿ, ಸೀಗಡಿಯೊಂದನ್ನು ತೆಗೆದು ಅಲ್ಲಿದ್ದ ಮೇಜಿಗೆ ಕುಟ್ಟಿದಳು. ಟಕ್ ಟಕ್ ಎಂದಿತು.

"ನೋಡಿ ಡಾಕ್ಟ್ರೇ. ತಲೆ ಇಲ್ಲ, ಸಿಪ್ಪೆ ಇಲ್ಲ. ಇದು ಬದುಕಿದೆಯಾ?"

ವೈದ್ಯರು ಕನ್ನಡಕ ಸರಿಪಡಿಸಿಕೊಂಡು ಸೀಗಡಿಯನ್ನು ಎರಡೂ ಕಡೆ ಹೊರಳಿಸಿದರು. "ವೈಯಕ್ತಿಕವಾಗಿ ಹೇಳೋದಾದ್ರೆ ಸತ್ತಿದೆ. ಆದ್ರೆ ಕಾಗದದಲ್ಲಿ ಬದುಕಿದೆ. ಬದುಕಿರೋದನ್ನ ನಾನು ಫ್ರೀಜರಿಗೆ ಕಳಿಸೋ ಹಾಗಿಲ್ಲ. ಅದು ಕ್ರೌರ್ಯ."

"ಕಾಗದ ತಿದ್ದಿಕೊಡಿ."

"ತಿದ್ದೋದಕ್ಕೆ ಕೇಂದ್ರ ಕಚೇರಿಗೆ ಅರ್ಜಿ ಹಾಕಬೇಕು. ಮೂರು ದಿನ."

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಬಾಗಿಲ ಬಳಿ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡರು.

"ಡಾಕ್ಟರೇ, ಪ್ರಾಣಿ ಇಲ್ಲಿಗೆ ಬಂದ ಮೇಲೆ ಸತ್ತೋದ್ರೆ ಏನು ಮಾಡ್ತೀರಿ?"

"ಮರಣಪತ್ರ ಬರೆದು, ಕಳೇಬರಾನ ವಾರಸುದಾರರಿಗೆ ವಾಪಸ್ ಕೊಡ್ತೀವಿ. ನಿಯಮ ಹದಿನೇಳು."

"ವಾಪಸ್ ತಗೊಂಡ ಮೇಲೆ ಅದನ್ನ ವಾರಸುದಾರರು ಏನು ಮಾಡಬೇಕು ಅಂತ ನಿಯಮ ಇದೆಯೇ?"

ವೈದ್ಯರು ಪುಸ್ತಕ ತಿರುವಿದರು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ಪಾಪ, ಅವರಿಗೂ ಆ ಸೀಗಡಿಗಳನ್ನು ಅಲ್ಲಿಂದ ಸಾಗಹಾಕಿದರೆ ಸಾಕಾಗಿತ್ತು. "ಇಲ್ಲ. ಬೇಕಾದ್ರೆ ಪಕ್ಕದ ಕಿಟಕೀಲಿ ಹೊಸ ಮಾಲು ಅಂತ ಬುಕ್ ಮಾಡಬಹುದು. ಆದ್ರೆ ಪೆಟ್ಟಿಗೆಗೊಂದು ಮರಣಪತ್ರ ಬೇಕು. ಮೂರು ಪ್ರತಿ, ಕೈಬರಹದಲ್ಲಿ, ಒಂದು ಚಿತ್ತೂ ಇರಬಾರದು. ನಲವತ್ತು ಪೆಟ್ಟಿಗೆಗೆ ಇವತ್ತೆಲ್ಲಿ ಮುಗಿಯುತ್ತೆ?"

"ಕಾರ್ಬನ್ ಹಾಳೆ ಇದೆಯಾ?" ಎಂದರು ಭಾವ, ಅಂಗಿಯ ತೋಳು ಮಡಚುತ್ತ.

ಮುಂದಿನ ಒಂದು ಗಂಟೆ ಆ ಕೋಣೆಯಲ್ಲಿ ಪೆನ್ನಿನ ಸದ್ದು, ನಾಯಿಯ ಏದುಸಿರು. ಮುದುಕ ತನ್ನ ತೂತುಗಳಿಗೆ ತಾನೇ ಟೇಪು ಅಂಟಿಸಿದ. ಐಸಕ್ಕ ಪೆಟ್ಟಿಗೆಯ ಸಂಖ್ಯೆ, ತೂಕ ಓದಿ ಹೇಳಿದಳು. ಭಾವ ಮೊದಲ ಪತ್ರದಲ್ಲೇ ಪೆನ್ನು ನಿಲ್ಲಿಸಿದರು.

"ಸಾವಿನ ಕಾರಣ ಅಂತಿದೆ. ಶಿರಚ್ಛೇದ, ತದನಂತರ ಶೈತ್ಯ ಅಂತ ಹಾಕ್ಲಾ?"

"ಶಿರಚ್ಛೇದ ಬೇಡ! ಪೊಲೀಸರು ಬರ್ತಾರೆ" ಎಂದು ವೈದ್ಯರು ಗಾಬರಿಯಾದರು. "ಬರೀ ಶೈತ್ಯ ಸಾಕು."

"ಕೊನೆಗಾಲದಲ್ಲಿ ಪ್ರಾಣಿಯ ವರ್ತನೆ?"

"ಶಾಂತ" ಎಂದಳು ಐಸಕ್ಕ.

ಮುದುಕ ಕಣ್ಣೊರೆಸಿಕೊಂಡ. ನಿಜಕ್ಕೂ ಅಳುತ್ತಿದ್ದನೋ, ಹೊಗೆಯಿಂದ ಕಣ್ಣುರಿಯುತ್ತಿತ್ತೋ ತಿಳಿಯಲಿಲ್ಲ.

ಒಂದೂಮುಕ್ಕಾಲಿಗೆ ನಲವತ್ತನೇ ಪತ್ರಕ್ಕೆ ಮೊಹರು ಬಿತ್ತು. ವೈದ್ಯರು, ಮುದುಕ, ಐಸಕ್ಕ ಮೂವರೂ ಕೈಗಾಡಿ ತಳ್ಳಿಕೊಂಡು ಪಕ್ಕದ ಕಿಟಕಿಗೆ ಓಡಿದರು. ಭಾವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹಿಂದೆ ಓಡಿದರು. ಬೆರಳುಗಳು ಮಡಚಲಾಗದೆ ಸೆಟೆದಿದ್ದವು. ಹೊಸ ನಮೂನೆಯಲ್ಲಿ ಹೆಪ್ಪುಗಟ್ಟಿಸಿದ್ದು ಎಂಬ ಚೌಕಕ್ಕೆ ಐಸಕ್ಕ ತಾನೇ ಗುರುತು ಹಾಕಿದಳು. ಕಿಟಕಿಯವನು ಥರ್ಮಾಮೀಟರ್ ಚುಚ್ಚಿ ನೋಡಿದ. ಮೈನಸ್ ಹತ್ತೊಂಬತ್ತು; ಮೈನಸ್ ಹದಿನೆಂಟರವರೆಗೆ ನಡೆಯುತ್ತಿತ್ತು. ಪೆಟ್ಟಿಗೆಗಳು ತಣ್ಣನೆಯ ಉಗ್ರಾಣದೊಳಗೆ ಒಂದೊಂದಾಗಿ ಮರೆಯಾದವು.

ವಾಪಸು ಬರುವಾಗ ವ್ಯಾನಿನಲ್ಲಿ ಐಸಕ್ಕ ಬೈಯಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದಳು.

"ಮೂವತ್ತೆರಡು ವರ್ಷ ಬೇರೆಯವರ ತಪ್ಪು ಹುಡುಕಿದೆ" ಎಂದರು ಭಾವ, ಕಿಟಕಿಯಾಚೆ ನೋಡುತ್ತ. "ಗೊತ್ತಿಲ್ದೇ ಇದ್ದದ್ದನ್ನ ನಿನ್ನ ಕೇಳೋಕೆ ನಾಚಿಕೆ ಆಯ್ತು ಕಣಮ್ಮಾ. ತಪ್ಪಾಯ್ತು."

ಅಕ್ಕನ ಮದುವೆಯಾದಾಗಿನಿಂದ ಆ ಬಾಯಲ್ಲಿ ಈ ಮಾತನ್ನು ಅವಳು ಕೇಳಿರಲಿಲ್ಲ. ಜೋಡಿಸಿಟ್ಟ ಬೈಗುಳವೆಲ್ಲ ಚೆಲ್ಲಾಪಿಲ್ಲಿಯಾಯಿತು. ಏನೋ ಹೇಳಹೋಗಿ, "ಶಾಂತ" ಎಂಬ ಪದ ನೆನಪಾಗಿ ಬಿದ್ದು ಬಿದ್ದು ನಕ್ಕಳು. ಭಾವ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ತಡೆಯಲಾಗದೆ ತಾವೂ ನಕ್ಕರು.

ಮೂರನೇ ದಿನ ಗಿರಾಕಿಯ ಸಂದೇಶ ಬಂತು: ಮಾಲು ಗಟ್ಟಿಯಾಗಿದೆ, ವಾರಕ್ಕೆ ಅರವತ್ತು ಪೆಟ್ಟಿಗೆ ಕಳಿಸಿ. ಈಗ ಭಾವ ಪ್ರತಿ ಸೋಮವಾರ ವಿಮಾನ ಕಂಪನಿಗೆ ಫೋನು ಮಾಡಿ, ನಮೂನೆಯ ಒಂದೊಂದು ಕಲಮನ್ನೂ ಅಲ್ಲಿಯ ಹುಡುಗಿಯಿಂದ ಓದಿಸಿ, ಅರ್ಥ ಕೇಳಿಕೊಳ್ಳುತ್ತಾರೆ. ಎರಡು ಕಾಗುಣಿತ ತಪ್ಪನ್ನೂ ಹುಡುಕಿಕೊಟ್ಟಿದ್ದಾರೆ. ಆ ಹುಡುಗಿ ಸೋಮವಾರ ರಜೆ ಕೇಳಿದ್ದಾಳಂತೆ.