ಲಿಯೋನ್ಸ್ ಮಾವನ ಜ್ವರ

ಬಿರುಗಾಳಿ ಹೊಡೆದು ಹನ್ನೆರಡು ದಿನವಾಗಿತ್ತು. ನಮ್ಮ ಡೊಮಿನಿಕಾ ದ್ವೀಪದ ಪೂರ್ವ ದಡಕ್ಕೆ ರಸ್ತೆಯೇ ಉಳಿದಿರಲಿಲ್ಲ. ಮೀನುಗಾರರ ದೋಣಿ ಹಿಡಿದು ಅತ್ತೆಯ ಊರು ಆನ್ಸ್ ಬ್ವಾಗೆ ಹೋದೆ. ಅತ್ತೆ, ಮಾವ ಬದುಕಿದ್ದಾರೆಂದು ಯಾರೋ ಹೇಳಿದ್ದರು. ಕಣ್ಣಾರೆ ನೋಡುವ ತನಕ ನನಗೆ ಸಮಾಧಾನವಿರಲಿಲ್ಲ.

ಯೂಡೋರಾ ಅತ್ತೆ ದಡಕ್ಕೇ ಓಡಿಬಂದು ತಬ್ಬಿಕೊಂಡಳು. "ಮನೆ ಮೇಲೆ ಒಂದು ತಗಡೂ ಇಲ್ಲ ಕಣೆ. ಮಲಗಿದಲ್ಲೇ ನಕ್ಷತ್ರ ಎಣಿಸಬಹುದು" ಎಂದು ನಕ್ಕಳು.

ಮನೆಯೊಳಗೆ ಮೊಣಕಾಲುದ್ದ ಕೆಸರು. ಲಿಯೋನ್ಸ್ ಮಾವ ಬರಿಗಾಲಲ್ಲಿ ನಿಂತು ಸಲಿಕೆಯಿಂದ ಎತ್ತಿ ಹಾಕುತ್ತಿದ್ದ. ಪಾದದ ಮೇಲೆ ತಗಡು ಕೊಯ್ದ ಗಾಯ ಬಾಯಿಬಿಟ್ಟುಕೊಂಡಿತ್ತು.

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಕ್ಲೋಟಿಲ್ಡಾ ಬಂದಳು. ದಿನವೂ ಮನೆಮನೆ ಸುತ್ತುತ್ತಿದ್ದಳಂತೆ.

"ಲಿಯೋನ್ಸಣ್ಣ, ಮತ್ತೆ ಬರಿಗಾಲು! ಈ ಕೆಸರಲ್ಲಿ ಇಲಿ ಉಚ್ಚೆ ಸೇರಿರುತ್ತೆ. ಗಾಯದೊಳಗೆ ಹೋದ್ರೆ ಇಲಿಜ್ವರ ಬರುತ್ತೆ ಅಂತ ಮೊನ್ನೆನೇ ಹೇಳ್ಲಿಲ್ವಾ?"

"ಅಷ್ಟು ದೊಡ್ಡ ಗಾಳಿಗೇ ಹೆದರಲಿಲ್ಲ, ಇಲಿ ಉಚ್ಚೆಗೆ ಹೆದರ್ತೀನಾ?"

"ಹೆದರಲಿಲ್ವಂತೆ!" ಅತ್ತೆ ಒಳಕೋಣೆಯಿಂದ ಕೂಗಿದಳು. "ಅವತ್ತು ನನಗಿಂತ ಮೊದಲು ಮಂಚದಡಿ ತೂರಿದ್ದು ಯಾರು?"

ಮಾವನೂ ನಕ್ಕ. ಬೂಟು ಮಾತ್ರ ಹಾಕಲಿಲ್ಲ. "ಅದು ಕೆಸರಲ್ಲಿ ಸಿಕ್ಕೊಳ್ಳುತ್ತೆ, ಕೆಲಸ ಸಾಗಲ್ಲ" ಎಂದ.

ಕ್ಲೋಟಿಲ್ಡಾ ಗಾಯ ತೊಳೆದು ಪಟ್ಟಿ ಕಟ್ಟಿದಳು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದಳು. "ಜ್ವರ, ತಲೆನೋವು, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು, ಉಚ್ಚೆ ಕಟ್ಟೋದು. ಇದರಲ್ಲಿ ಏನೇ ಕಂಡ್ರೂ ಒಂದು ದಿನಾನೂ ಕಾಯಬೇಡ."

ಮೂರನೇ ದಿನ ಬೆಳಿಗ್ಗೆ ಮಾವ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

"ದುಡಿದ ಸುಸ್ತು ಅಷ್ಟೇ. ನಿಂಬೆಹುಲ್ಲಿನ ಕಷಾಯ ಕಾಯ್ಸಿ" ಎಂದ.

ನಾನು ಅವನ ಮೀನಖಂಡ ಮೆಲ್ಲಗೆ ಒತ್ತಿದೆ. ಹಿಂದೊಮ್ಮೆ ಅಂಗಾಲಿಗೆ ಹೊಕ್ಕ ಮೊಳೆಯನ್ನು ತಾನೇ ಕಿತ್ತುಕೊಂಡ ಗಂಡಸು, ಚೀರಿಬಿಟ್ಟ. ಕಣ್ಣುಗಳು ಕೆಂಪಗಿದ್ದವು.

"ಮಾವ, ಆಸ್ಪತ್ರೆಗೆ ಹೋಗೋಣ."

"ಅಲ್ಲಿ ಕೈಕಾಲು ಮುರಿದವರು ನೆಲದ ಮೇಲೆ ಮಲಗಿದ್ದಾರೆ. ನಾನು ಮೈಕೈ ನೋವು ಅಂತ ಹೋಗಿ ಅವರ ಜಾಗ ಹಿಡೀಲಾ? ನಾಚಿಕೆಗೇಡು."

ಅತ್ತೆ ಈ ಸಲ ನಗಲಿಲ್ಲ. "ಉಚ್ಚೆ ಹೊಯ್ದು ಎಷ್ಟು ಹೊತ್ತಾಯ್ತು?"

ಮಾವ ಯೋಚಿಸಿದ. "ನಿನ್ನೆ ಮಧ್ಯಾಹ್ನ ಇರಬೇಕು."

"ಗಾಳಿ ನಿನ್ನನ್ನ ಉಳಿಸಿ ಹೋಗಿದೆ. ಈಗ ನಾಚಿಕೆಗೆ ಸಾಯ್ತೀಯಾ? ಏಳು!"

ನೆರೆಯವರು ಮುರಿದ ಬಾಗಿಲ ಮೇಲೆ ಮಾವನನ್ನು ಮಲಗಿಸಿ ದೋಣಿಗೆ ಹೊತ್ತರು. ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಔಷಧಿ ಶುರುಮಾಡಿದರು. ರಕ್ತ ಪರೀಕ್ಷೆಯಲ್ಲೂ ಇಲಿಜ್ವರವೆಂದೇ ಬಂತು.

"ಮೂತ್ರಪಿಂಡಕ್ಕೆ ಪೆಟ್ಟು ಬೀಳೋಕೆ ಶುರುವಾಗಿದೆ. ಇನ್ನೆರಡು ದಿನ ತಡವಾಗಿದ್ರೆ ಏನೂ ಹೇಳೋ ಹಾಗಿರಲಿಲ್ಲ" ಎಂದರು.

ಎರಡು ದಿನ ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಯಾರೋ ಕೊಟ್ಟ ಬೇಯಿಸಿದ ಬಾಳೆಕಾಯಿಯನ್ನು ಅತ್ತೆ ಹಾಗೇ ಪಕ್ಕದವರಿಗೆ ಕೊಟ್ಟುಬಿಟ್ಟಳು. ಮೂರನೇ ದಿನ ಒಳಗೆ ಹೋದವಳು ಓಡಿಬಂದಳು.

"ಹೊಯ್ದ ಕಣೇ! ನನ್ನ ಗಂಡ ಪಾತ್ರೆ ತುಂಬ ಹೊಯ್ದ!"

ಸಾಲಿನಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಅತ್ತೆ ನಗುತ್ತ ನಗುತ್ತಲೇ ನನ್ನ ಹೆಗಲ ಮೇಲೆ ಅತ್ತಳು. ಬಿರುಗಾಳಿಯ ನಂತರ ಅವಳು ಅತ್ತದ್ದು ಅದೇ ಮೊದಲಂತೆ.

ಒಂಬತ್ತನೇ ದಿನ ಮಾವ ಊರಿಗೆ ಬಂದ. ನಡಿಗೆ ಇನ್ನೂ ತೂರಾಡುತ್ತಿತ್ತು. ಪಕ್ಕದ ಮನೆಯ ಹಾರ್ಟ್ಲಿ ಬರಿಗಾಲಲ್ಲಿ ಚರಂಡಿಗೆ ಇಳಿದದ್ದು ಕಂಡು ದಾರಿಯಲ್ಲೇ ನಿಂತ.

"ಏಯ್, ಮೇಲೆ ಬಾ! ನನ್ನ ಹಾಗೆ ಬಾಗಿಲ ಮೇಲೆ ಮೆರವಣಿಗೆ ಹೋಗ್ಬೇಕಾ? ಎಲ್ಲರೂ ನಿನ್ನ ಉಚ್ಚೆ ಅಳೀತಾರೆ ನೋಡು!"

ಹಾರ್ಟ್ಲಿ ನಗುತ್ತ ಮೇಲೆ ಹತ್ತಿದ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮೂರಿಗೂ ನೆರೆ ನುಗ್ಗಬಹುದು. ಗದ್ದೆಗೋ ಚರಂಡಿಗೋ ನೀವು ದಿನವೂ ಇಳಿಯುತ್ತಿರಬಹುದು. ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ, ಬೂಟು ಹಾಕಿಯೇ ಇಳಿಯಿರಿ. ಮೇಲೆ ಬಂದ ತಕ್ಷಣ ಶುದ್ಧ ನೀರಲ್ಲಿ ಸೋಪು ಹಚ್ಚಿ ಕೈಕಾಲು ತೊಳೆಯಿರಿ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ ಸುಸ್ತು ಎಂದುಕೊಂಡು ಮಲಗಬೇಡಿ; ಅಂದೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: "ನಾನು ಕೆಸರಲ್ಲಿ ಕೆಲಸ ಮಾಡಿದ್ದೆ." ಆ ಒಂದು ಮಾತು ನಿಮ್ಮ ಜೀವ ಉಳಿಸಬಹುದು.