ಮೇಸ್ತ್ರಿಯ ಒದ್ದೆ ಗೋಣಿ

ಫ್ರಿಜ್ಜು ರಿಪೇರಿ ಮಾಡುವವರ ಮಗಳು ಸೂರ್ಯನ ಬೆನ್ನು ಹತ್ತಿದರೆ ಮನೆಯಲ್ಲಿ ಜಗಳವಲ್ಲದೆ ಇನ್ನೇನಾದೀತು! ಮೂರು ತಿಂಗಳಿಂದ ಅಪ್ಪ ಮಗಳ ನಡುವೆ ಮಾತಿಗೆ ಮಾತು.

ಅವಳ ಯೋಜನೆಯೇನೋ ಸರಳ. ಸೋಲಾರ್ ಪ್ಯಾನೆಲ್ಲಿನ ಪೂರ್ವದ ಅಂಚಿಗೊಂದು, ಪಶ್ಚಿಮದ ಅಂಚಿಗೊಂದು ಪುಟ್ಟ ಸಿಲಿಂಡರ್; ನಡುವೆ ತಾಮ್ರದ ಪೈಪು; ಒಳಗೆ ದ್ರವವಾಗಿ ಕೂತ ಫ್ರಿಜ್ಜಿನ ಗ್ಯಾಸು. ಒಂದು ಸಿಲಿಂಡರ್ ಬಿಸಿಯಾದರೆ ಅದರ ದ್ರವವೆಲ್ಲ ತಣ್ಣಗಿರುವ ಇನ್ನೊಂದಕ್ಕೆ ಓಡುತ್ತದೆ. ಆ ಕಡೆ ಭಾರವಾಗಿ ಪ್ಯಾನೆಲ್ ಅತ್ತ ವಾಲುತ್ತದೆ. ಸೂರ್ಯ ಯಾವ ಕಡೆಗಿದ್ದಾನೋ ಆ ಕಡೆಯ ಸಿಲಿಂಡರಿಗೆ ನೆರಳು ಬೀಳುವಂತೆ ತಗಡು ಕಟ್ಟಿದರೆ ಮುಗಿಯಿತು, ಪ್ಯಾನೆಲ್ ದಿನವಿಡೀ ಸೂರ್ಯನನ್ನೇ ನೋಡುತ್ತಿರುತ್ತದೆ. ಮೋಟರಿಲ್ಲ, ವೈರಿಲ್ಲ.

"ಗ್ಯಾಸ್ ಸಿಲಿಂಡರ್‌ನ ಯಾರಾದ್ರೂ ಬಿಸಿಲಿಗೆ ಒಡ್ತಾರೇನೇ?" ಅಂತ ಅಪ್ಪನ ರಾಗ. ಎಲ್ಲರೂ ಅವರನ್ನು ಕರೆಯುವುದು ಮೇಸ್ತ್ರಿ ಎಂದೇ. ನಲವತ್ತು ವರ್ಷ ಸಿಲಿಂಡರನ್ನು ನೆರಳಲ್ಲಿಟ್ಟು, ನೆರಳಿಲ್ಲದಿದ್ದರೆ ಒದ್ದೆ ಗೋಣಿ ಹೊದಿಸಿ ದುಡಿದವರು. ಈಗ ಕೈ ನಡುಗುತ್ತದೆ, ಕೆಲಸವೆಲ್ಲ ಮಗಳದ್ದೇ.

ಪ್ಯಾನೆಲ್ಲಿಗೆ ಒಂದೇ ರೋಗ, ಸೋಮಾರಿತನ. ಸಂಜೆ ಪಶ್ಚಿಮಕ್ಕೆ ವಾಲಿ ಮಲಗಿದ್ದು ಬೆಳಿಗ್ಗೆ ಮೈಕಾಯಿಸಿಕೊಂಡು ಪೂರ್ವಕ್ಕೆ ತಿರುಗುವಷ್ಟರಲ್ಲಿ ಒಂಬತ್ತು. ಆದರೆ ಅದನ್ನು ಪರೀಕ್ಷೆಗೆ ನಿಲ್ಲಿಸಿದ್ದು ಅವರ ಅಂಗಡಿ ಎದುರಿನ ನರ್ಸರಿಯಲ್ಲಿ, ಅಲ್ಲಿನ ಪಂಪು ಓಡಿಸಲು; ಸಸಿಗಳಿಗೆ ಬಿಸಿಲೇರುವ ಮೊದಲೇ ನೀರು ಬೇಕು. ನರ್ಸರಿಯಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದರು: "ನಾಳೆ ಏಳಕ್ಕೆ ಪಂಪು ಓಡಿದ್ರೆ ಎಂಟು ಪ್ಯಾನೆಲ್ಲೂ ನೀನೇ ಮಾಡ್ಕೊಡು. ಇಲ್ಲಾಂದ್ರೆ ಮೋಟರಿಂದೇ ತರಿಸ್ತೀನಿ. ಬೇಜಾರು ಮಾಡ್ಕೋಬೇಡಮ್ಮ."

ಹುಟ್ಟಿದಾಗಿನಿಂದ ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡಿದವಳು ಅವಳು. ತಾನೇ ಮಾಡಿದ ಮೊದಲ ವಸ್ತು ಇದು. ಅವತ್ತು ಸಂಜೆ ನರ್ಸರಿಯಲ್ಲಿ ತಗಡು ಬಗ್ಗಿಸುತ್ತಿದ್ದಾಗ, ಹಿಡಿದುಕೊಳ್ಳಲು ಬಂದ ಅಪ್ಪನ ಕೈಯಿಂದ ಸ್ಪ್ಯಾನರ್ ಜಾರಿ ತಗಡಿನ ಮೇಲೇ ಬಿತ್ತು.

"ಅಪ್ಪಾ, ದಮ್ಮಯ್ಯ! ಇದೊಂದಕ್ಕೆ ಕೈ ಹಾಕ್ಬೇಡಿ!"

ಮೇಸ್ತ್ರಿ ರಸ್ತೆ ದಾಟಿ ಅಂಗಡಿಗೆ ಹೋದರು. ಅಂದ ಮಾತನ್ನು ನುಂಗಿಕೊಳ್ಳುವುದಾದರೂ ಹೇಗೆ? ಅವಳಿಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಆರೂವರೆಗೆ ಹೋಗಿ ನೋಡುತ್ತಾಳೆ, ಪೂರ್ವದ ಸಿಲಿಂಡರಿನ ಮೇಲೆ ಒದ್ದೆ ಗೋಣಿ! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ಸಿಟ್ಟು ನೆತ್ತಿಗೇರಿತು. ಕಿತ್ತೆಸೆಯಲು ಕೈ ಎತ್ತಿದವಳು ಹಾಗೇ ನಿಂತಳು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ಅದೂ ಪ್ಯಾನೆಲ್ಲಿನ ಗಾಜಿನಿಂದ. ಪ್ಯಾನೆಲ್ ಆಗಲೇ ಪೂರ್ವಕ್ಕೆ ಮುಖಮಾಡಿ ಕೂತಿದೆ!

ಒದ್ದೆ ಗೋಣಿ ರಾತ್ರಿಯಿಡೀ ಪೂರ್ವದ ಸಿಲಿಂಡರನ್ನು ತಣ್ಣಗಿಟ್ಟಿದೆ, ದ್ರವವೆಲ್ಲ ಅಲ್ಲಿಗೇ ಹರಿದಿದೆ. ಮೂರು ತಿಂಗಳು ತಲೆ ಕೆಡಿಸಿಕೊಂಡರೂ ಹೊಳೆಯದ್ದು!

ಏಳಕ್ಕೆ ಪಂಪು ನೀರೆತ್ತಿತು. ನರ್ಸರಿಯಮ್ಮ ಗೋಣಿ ಮುಟ್ಟಿ ನೋಡಿದರು. "ಇದ್ಯಾಕೆ?"

"ಸಂಜೆ ಗಿಡಕ್ಕೆ ನೀರು ಹಾಕೋವಾಗ ಇದನ್ನ ನೆನೆಸಿ ಹೊದಿಸ್ಬೇಕು, ಪಂಪು ಓಡಿದ ಮೇಲೆ ತೆಗೀಬೇಕು. ಅಷ್ಟೆ."

"ಭಲೇ! ಯಾರ ತಲೆಗೆ ಹೊಳೀತು?"

'ನನಗೇ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ. "ನಮ್ಮಪ್ಪಂಗೆ," ಎಂದಳು.

ನರ್ಸರಿಯ ಬಾಗಿಲಲ್ಲಿ ಮೇಸ್ತ್ರಿ ಅಪರಾಧಿಯಂತೆ ನಿಂತಿದ್ದರು. "ಬೈಬೇಡ ಕಣೇ. ತಗಡಿದ್ರೂ ಬೆಳಗಿನ ಬಿಸಿಲು ಪೂರ್ವದ್ದಕ್ಕೇ ಹೊಡೆಯುತ್ತಲ್ಲ ಅಂತ ಮನಸ್ಸು ತಡೀಲಿಲ್ಲ. ಇದ್ದಿದ್ದು ಒಂದೇ ಗೋಣಿ." ಬೆನ್ನ ಹಿಂದಿನಿಂದ ಇನ್ನೊಂದನ್ನು ತೆಗೆದರು. "ಈಗ ತಂದಿದೀನಿ. ಪಶ್ಚಿಮದ್ದಕ್ಕೂ ಹೊದಿಸ್ಬಿಡ್ಲಾ?"

"ಅಯ್ಯೋ, ಬೇಡಪ್ಪಾ!"

ನರ್ಸರಿಯಮ್ಮ ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು. ನಗುವಷ್ಟರಲ್ಲೇ ಕಣ್ಣು ತುಂಬಿತು. ಸ್ಪ್ಯಾನರನ್ನು ಅಪ್ಪನ ಮುಂದೆ ಹಿಡಿದಳು.

"ಇನ್ನೂ ಏಳು ಪ್ಯಾನೆಲ್ ಇದೆ. ಕೈ ಹಾಕ್ತೀರಾ?"

ಮೇಸ್ತ್ರಿ ನಡುಗುವ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಸ್ಪ್ಯಾನರ್ ಇಸಿದುಕೊಂಡರು.