ಕುಂಟ ಗುಬ್ಬಿಯ ಲೆಕ್ಕ

ಒಂಬತ್ತು ವರ್ಷ ಜಡ್ಜ್ ಸಾಹೇಬರೇ ಎಣಿಸಿದ್ದರು. ಚಳಿಗಾಲದ ನಟ್ಟನಡುವೆ ಒಂದು ಭಾನುವಾರ, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ, ಆ ಗಿರಿಧಾಮದ ಬೀದಿಯ ಪ್ರತಿ ಬಂಗಲೆಯವರೂ ಕಿಟಕಿಗೆ ಕುರ್ಚಿ ಎಳೆದುಕೊಂಡು ತೋಟಕ್ಕೆ ಬಂದ ಹಕ್ಕಿಗಳನ್ನು ಎಣಿಸಿ ಪಕ್ಷಿಪ್ರೇಮಿಗಳ ಸಂಘಕ್ಕೆ ಬರೆದು ಕೊಡಬೇಕು. ನಿವೃತ್ತರಾದ ಮೇಲೆ ಸಾಹೇಬರೇ ಸಂಘದ ಅಧ್ಯಕ್ಷರು. ಅವರ ತೋಟದಲ್ಲಿ ಯಾವ ವರ್ಷವೂ ಎಂಬತ್ತಕ್ಕೆ ಕಡಿಮೆ ಹಕ್ಕಿ ಬಂದದ್ದೇ ಇಲ್ಲ.

ಹತ್ತನೆಯ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದರು.

"ಮಾಲಿ, ಈ ಸಲ ನೀನೇ ಕೂತು ಎಣಿಸು. ಓದು ಬರಹ ಬರುತ್ತಲ್ಲ?"

ಬರುತ್ತಿತ್ತು. ಅದೇ ತಪ್ಪಾಯಿತು. ಸಂಘದ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ನಿಯಮವೊಂದಿತ್ತು: ಹೋದ ಹಕ್ಕಿ ಮರಳಿ ಬಂದರೆ ಮತ್ತೆ ಎಣಿಸಬಾರದು, ಒಂದು ಜಾತಿಯವು ಒಂದೇ ನೋಟಕ್ಕೆ ಹೆಚ್ಚೆಂದರೆ ಎಷ್ಟು ಕಂಡವೋ ಅಷ್ಟನ್ನೇ ಬರೆಯಬೇಕು. ಜೀವಮಾನವಿಡೀ ಊರಿಗೆಲ್ಲ ನಿಯಮ ಓದಿ ಹೇಳಿದವರು ಆ ಹಾಳೆಯನ್ನು ಮಗುಚಿ ನೋಡಿರಲಿಲ್ಲ.

ಮಾಲಿ ಎಣಿಸಿದ. ಕಾಳಿನ ತಟ್ಟೆಗೆ ಒಂದು ಗುಬ್ಬಿ ಹನ್ನೊಂದು ಸಲ ಬಂದಿಳಿಯಿತು. ಎಡಗಾಲು ಮಡಚಿಕೊಂಡು ಕುಪ್ಪಳಿಸುವ ಆ ಕುಂಟನನ್ನು ಅವನು ಮೂರು ಚಳಿಗಾಲದಿಂದ ಬಲ್ಲ. ತೋಟದ ಹಿಂದಿನ ಆಳುಗಳ ಸಾಲುಮನೆಯಲ್ಲಿ, ಅವನದೇ ಒಲೆಯ ಹೊಗೆಕೊಳವೆಗೆ ಮೈ ಒತ್ತಿಕೊಂಡು ಅದು ಬಳಗದ ಜೊತೆ ಚಳಿ ಕಳೆಯುತ್ತಿತ್ತು. ಕೊಳವೆಯ ಹೊರಗೆ ಗುಬ್ಬಿಗಳು, ಒಳಗೆ ಒಲೆಯ ಮುಂದೆ ಅವನ ತಾಯಿ. ಇಬ್ಬರಿಗೂ ಅದೇ ಬೆಂಕಿ.

ಹನ್ನೊಂದನ್ನು ಒಂದೆಂದು ಬರೆದ. ಒಟ್ಟು ಇಪ್ಪತ್ತೆರಡು ಹಕ್ಕಿ.

ವಾರದ ನಂತರ ಸಾಹೇಬರ ಹಜಾರದಲ್ಲಿ ಸಭೆ. ಮಾಲಿ ಹೂದಾನಿ ಇಟ್ಟು ಬಾಗಿಲ ಬಳಿ ನಿಂತಿದ್ದ.

"ಎಂಬತ್ತೇಳು ಇದ್ದದ್ದು ಇಪ್ಪತ್ತೆರಡು!" ಪಕ್ಕದ ಬಂಗಲೆಯ ಡಾಕ್ಟರಮ್ಮ ಎದೆ ಮುಟ್ಟಿಕೊಂಡರು. "ಯಾರ ಕಣ್ಣು ಬಿತ್ತು ಸಾರ್ ನಿಮ್ಮ ತೋಟದ ಮೇಲೆ?"

"ಕಣ್ಣಲ್ಲ, ಹೊಗೆ," ಎಂದರು ಸಾಹೇಬರು. "ಹಿಂದುಗಡೆ ಆರು ಒಲೆ ಉರೀತಾವೆ. ಮನುಷ್ಯರಿಗೇ ಕೆಮ್ಮು ಬರುತ್ತೆ, ಹಕ್ಕಿ ನಿಲ್ಲುತ್ತಾ? ಅಡುಗೆಗೆ ಗ್ಯಾಸ್ ಇದೆಯಲ್ಲ, ಒಲೆ ಕೀಳಿಸೋಣ."

ಎಲ್ಲರೂ ತಲೆಯಾಡಿಸಿದರು. ಬಿಸ್ಕತ್ತಿನ ತಟ್ಟೆ ಇನ್ನೊಂದು ಸುತ್ತು ಬಂತು.

ಸಭೆ ಚದುರಿದ ಮೇಲೆ ಮಾಲಿ ಬಾಯಿಬಿಟ್ಟ. "ಸಾರ್, ಹಕ್ಕಿ ಕಡಿಮೆ ಆಗಿಲ್ಲ."

"ಬರೆದವನು ನೀನೇ ತಾನೆ?"

"ನಾನು ಬರೆದದ್ದು ಸರಿಯಾಗೇ ಇದೆ. ಮುಂಚೆ..." ಹಾಳೆ ಮಗುಚಿ ನಿಯಮದ ಮೇಲೆ ಬೆರಳಿಟ್ಟ. "ಬಂದ ಹಕ್ಕೀನೇ ಬರುತ್ತೆ ಸಾರ್. ಕುಂಟ ಗುಬ್ಬಿ ಒಂದೇ ಹನ್ನೊಂದು ಸಲ ಬಂತು. ನೀವಾಗಿದ್ರೆ ಹನ್ನೊಂದು ಅಂತ..."

ಸಾಹೇಬರು ಹೊಸ ಕಣ್ಣಿನಲ್ಲಿ ನಿಯಮ ಓದಿದರು. ಇನ್ನೊಮ್ಮೆ ಓದಿದರು. ಕಿವಿ ಕೆಂಪಾಯಿತು.

"ಅಂದ್ರೆ ಒಂಬತ್ತು ವರ್ಷ ನನಗೆ ಎಣಿಸೋಕೇ ಬರಲಿಲ್ಲ ಅಂತೀಯ?"

"ಅಯ್ಯೋ, ಹಾಗಲ್ಲ ಸಾರ್. ಸಂಘದವರಿಗೆ ನೀವೊಂದು ಮಾತು ಹೇಳಿದ್ರೆ ಸಾಕು. ಅಮ್ಮನ ಎದೆ ಸರಿಯಿಲ್ಲ. ಗ್ಯಾಸು ಅಡುಗೆಗೇ ಸಾಲಲ್ಲ, ಒಲೆ ಇಲ್ಲದೆ ಈ ಚಳಿ ತಡೆಯೋಲ್ಲ."

"ತೀರ್ಮಾನ ಆಗಿಹೋಯ್ತಲ್ಲ. ನಿಮ್ಮಮ್ಮನಿಗೆ ಒಂದು ಕಂಬಳಿ ಕೊಡಿಸ್ತೀನಿ ಬಿಡು." ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಮೇಲ್ಮನವಿಗೆ ಅವರ ಮೇಲೆ ಇದ್ದವರಾದರೂ ಯಾರು?

ಮರುದಿನವೇ ಒಲೆ ಕಿತ್ತು, ಕೊಳವೆಯ ತೂತಿಗೆ ತಗಡು ಬಡಿದರು. ಗುಬ್ಬಿಗಳು ಆ ತಣ್ಣನೆಯ ತಗಡಿನ ಮೇಲೆ ಎರಡು ದಿನ ಕೂತು ನೋಡಿ ಹಾರಿಹೋದವು. ತಾಯಿಗೆ ಹಾರಲು ಬರಲಿಲ್ಲ. ಮಾಲಿಯ ಬೆಳಗಿನ ಕೆಲಸ ಮಾತ್ರ ತಪ್ಪಲಿಲ್ಲ: ಬಂಗಲೆಯ ಅಡುಗೆಮನೆಯಿಂದ ಕುದಿನೀರಿನ ಕೆಟಲ್ ತಂದು, ಹಕ್ಕಿಗಳ ಕಲ್ಲುಬಾನಿಯಲ್ಲಿ ಹೆಪ್ಪುಗಟ್ಟಿದ ನೀರನ್ನು ಕರಗಿಸುವುದು.

"ನಾನೂ ಎರಡು ಪುಕ್ಕ ಸಿಕ್ಕಿಸಿಕೊಂಡು ಅವರ ಕಿಟಕಿ ಮುಂದೆ ಕೂರ್ಲೇನೋ?" ಕೆಮ್ಮಿನ ನಡುವೆ ತಾಯಿ ನಕ್ಕಳು. "ಬಿಸಿನೀರು, ಹಿಡಿ ಕಾಳು, ಎಲ್ಲಾ ಸಿಗುತ್ತಲ್ಲ."

ಆ ಚಳಿಗಾಲವನ್ನು ಹೇಗೋ ದಾಟಿದಳು. ಮುಂದಿನದು ಬರುವಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು.

ಮತ್ತೆ ಎಣಿಕೆಯ ಭಾನುವಾರ. ಸಾಹೇಬರು ದುರ್ಬೀನು ಹಿಡಿದು ತಾವೇ ಕೂತರು. ಹಜಾರದ ಅಗ್ಗಿಷ್ಟಿಕೆಗೆ ಸೌದೆ ಹಾಕಲು ಬಂದ ಮಾಲಿ ಹಾಳೆಯತ್ತ ಕಣ್ಣು ಹಾಯಿಸಿದ. ಗೊರವಂಕವೊಂದು ಮರಳಿ ಬಂದು ತಟ್ಟೆಯ ಮೇಲೆ ಕೂತಿತು. ಸಾಹೇಬರ ಪೆನ್ನು ಏಳಲಿಲ್ಲ. ಇನ್ನೊಮ್ಮೆ ಬಂತು. ಆಗಲೂ ಏಳಲಿಲ್ಲ. ನಿಯಮ ಅವರಿಗೆ ಬಾಯಿಪಾಠವಾಗಿತ್ತು.

ಕುಂಟ ಬರಲೇ ಇಲ್ಲ.

"ಆರೇ ಆರು!" ಸಾಹೇಬರು ದುರ್ಬೀನನ್ನು ಸಾಲುಮನೆಯತ್ತ ತಿರುಗಿಸಿದರು. "ಒಲೆ ತೆಗೆಸಿದ್ದಾಯ್ತು. ಇನ್ನೂ ಏನೋ ತೊಂದರೆ ಇದೆ ಅಲ್ಲಿ. ಇನ್ನೇನಿದೆಯೋ ಅಲ್ಲಿ?"

"ನಾವಿದ್ದೀವಿ ಸಾರ್."

ಸಾಹೇಬರು ಇಲ್ಲ ಎನ್ನಲಿಲ್ಲ. ಆ ಜಾಗವನ್ನೇ ನೋಡುತ್ತ ಯೋಚನೆಗೆ ಬಿದ್ದರು.

ಮಾಲಿ ಅಡುಗೆಮನೆಗೆ ಹೋಗಿ ಕೆಟಲ್ ಎತ್ತಿಕೊಂಡ. ತೋಟಕ್ಕಿಳಿದ. ಕಲ್ಲುಬಾನಿ ಬಂತು, ಅದರ ನೀರು ಗಾಜಿನಂತೆ ಬಿಗಿದುಕೊಂಡಿತ್ತು. ನಿಲ್ಲದೆ ಮುಂದೆ ನಡೆದ. ಹಿಂದೆ ಕಿಟಕಿಯ ಗಾಜಿನ ಮೇಲೆ ಟಕಟಕ ಸದ್ದಾಯಿತು.

"ಲೋ! ಬಾನಿ ಇಲ್ಲಿದೆಯಲ್ಲೋ! ಎಲ್ಲಿಗೆ ಹೊರಟೆ?"

ಅವನು ತಿರುಗಲಿಲ್ಲ. ಮನೆಯೊಳಗೆ ಬೋಗುಣಿಗೆ ನೀರು ಬಗ್ಗಿಸಿ, ತಣ್ಣೀರು ಬೆರೆಸಿ, ಹಾಸಿಗೆಯ ಪಕ್ಕಕ್ಕಿಟ್ಟ. ತಾಯಿ ನೀಲಿಗಟ್ಟಿದ ಬೆರಳುಗಳನ್ನು ಅದ್ದಿ ಕಣ್ಣು ಮುಚ್ಚಿದಳು.

"ನಿಮ್ಮ ಸಾಹೇಬರು ನೋಡಿದರೇನೋ?"

"ಈಗಲೂ ನೋಡ್ತಿದ್ದಾರಮ್ಮ, ದುರ್ಬೀನು ಹಾಕ್ಕೊಂಡು."

"ನೋಡಲಿ ಬಿಡು. ಬಾಗಿಲು ಇನ್ನಷ್ಟು ತೆಗಿ. ಸರಿಯಾಗಿ ಎಣಿಸ್ಕೊಳ್ಳಲಿ."